ಮಗುವಿನ ಆ ಒಂದು ವರ್ಷ



ಶಾಲೆ ಸುರುವಾಗುವ ಈ ದಿನಗಳಲ್ಲಿ ಮಠಕ್ಕೆ ಬರುವ ತಂದೆತಾಯಿಗಳ ಬಾಯಲ್ಲಿ ಒಂದೇ ದೂರು. "ಸಾಹೇಬ್ರ, ಹುಡುಗಂದು ಒಂದು ವರ್ಷ ಹಾಳಾಯ್ತು ನೋಡ್ರಿ. ಆರು ತುಂಬಾಕ ಇನ್ನ ಏಳೆಂಟ ತಿಂಗಳ ಬೇಕಂತ. ಅಪ್ಪೋರು ಒಂದ್ ಮಾತ್ ಹೇಳಿದ್ರ ಶಾಲ್ಯಾಗ ತಗೋತಾರ." ಅಪ್ಪೋರು ನಗುತ್ತಾರೆ, ನನ್ನ ಕಡೆ ನೋಡುತ್ತಾರೆ. ನಾನು ನಿವೃತ್ತ ಇಂಜಿನಿಯರು, ಶಿಕ್ಷಣ ಇಲಾಖೆಯವನಲ್ಲ. ಆದರೂ ಈ ಪತ್ರಿಕೆಯ ಸಂಪಾದಕೀಯ ಬರೆಯುವವನೆಂದು ಈ ಪ್ರಶ್ನೆ ನನ್ನ ಪಾಲಿಗೂ ಬರುತ್ತದೆ. ಹಾಗಾಗಿ ಈ ಸಂಚಿಕೆಯಲ್ಲಿ ಅದನ್ನೇ ಬರೆಯುತ್ತಿದ್ದೇನೆ. ಆ ಒಂದು ವರ್ಷದಲ್ಲಿ ಮಗುವಿನ ತಲೆಯೊಳಗೆ ಏನು ನಡೆಯುತ್ತದೆ? ಹಾಳಾಗುವುದು ಯಾವುದು?

ಮೊದಲು ಕಾಯ್ದೆಯ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8ರವರೆಗಿನ ವಯಸ್ಸನ್ನು ಒಂದೇ ಬುನಾದಿ ಹಂತವೆಂದು ಎಣಿಸಿತು. ನಮ್ಮ ರಾಜ್ಯ ಸರ್ಕಾರ 2022ರಲ್ಲಿ, ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಆದೇಶ ಮಾಡಿ, 2025-26ರಿಂದ ಜಾರಿ ಎಂದಿತು. ಪಾಲಕರ ಒತ್ತಾಯ ಹೆಚ್ಚಾಯಿತು. 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಿದರು. ಮುಂದಿನ ವರ್ಷದಿಂದ, ಅಂದರೆ 2026-27ರಿಂದ, ಆರೇ ಗಟ್ಟಿ ಎಂದು ಆಗ ಹೇಳಿದರು.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಮಾಸ್ತರರು ಹುಡುಗನನ್ನು ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ದಾಖಲು, ಇಲ್ಲದಿದ್ದರೆ ಬರುವ ವರ್ಷ. ಹುಟ್ಟಿದ ತಾರೀಕು ಮನೆಯಲ್ಲಿ ಯಾರಿಗೂ ನೆನಪಿರದ ಕಾರಣ ಜೂನ್ 1 ಎಂದು ಬರೆದುಕೊಂಡರು. ಇವತ್ತಿಗೂ ನನ್ನ ಓರಗೆಯ ಎಷ್ಟೋ ಜನ ನಿವೃತ್ತರಾಗಿದ್ದು ಅದೇ ತಾರೀಕಿನ ಲೆಕ್ಕದಲ್ಲಿ. ನಾವು ನಗುವ ಆ ಕಿವಿಯ ಪರೀಕ್ಷೆ ಅಷ್ಟೇನೂ ದಡ್ಡತನದ್ದಲ್ಲ. ಸಣ್ಣ ಮಗುವಿನ ತಲೆ ದೊಡ್ಡದು, ಕೈ ಗಿಡ್ಡ. ಆರರ ಸುಮಾರಿಗೆ ಕೈ ಆಚೆ ಕಿವಿಗೆ ಎಟುಕುತ್ತದೆ. ಮಾಸ್ತರರು ಕಾಗದ ನೋಡಲಿಲ್ಲ, ಮಗುವನ್ನೇ ನೋಡಿದರು. ಈಗ ನಾವು ಮೂರು ವರ್ಷದ ಮಗುವನ್ನು ಆಫೀಸಿನ ಕುರ್ಚಿಯಲ್ಲಿ ಕೂಡಿಸಿ ಅದರ ಹೆಸರು, ಬಣ್ಣ, ಎ-ಬಿ-ಸಿ ಕೇಳಿ "ಇಂಟರ್‌ವ್ಯೂ" ಮಾಡುತ್ತೇವೆ. ಯಾವ ಪದ್ಧತಿ ಹೆಚ್ಚು ವೈಜ್ಞಾನಿಕ ಎಂದು ನೀವೇ ಹೇಳಿ.

ಮಕ್ಕಳು ಹೇಗೆ ಯೋಚಿಸುತ್ತಾರೆ ಎಂಬುದನ್ನು ಜೀವನವಿಡೀ ಹಿಡಿದು ಕೂತವನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. 1896ರಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡ. ಆತ ಮೊದಲು ಓದಿದ್ದು ಬಸವನಹುಳುವಿನಂಥ ಚಿಪ್ಪಿನ ಜೀವಿಗಳ ಬಗ್ಗೆ. ಆಮೇಲೆ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಕೆಲಸ ಸಿಕ್ಕಿತು. ಬೇರೆಯವರು ಸರಿ ಉತ್ತರ ಎಷ್ಟು ಎಂದು ಎಣಿಸುತ್ತಿದ್ದರೆ ಈತ ತಪ್ಪು ಉತ್ತರಗಳನ್ನು ಓದತೊಡಗಿದ. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಹಾಗಾದರೆ ತಪ್ಪಿಗೂ ಒಂದು ಲೆಕ್ಕವಿದೆ, ಮಗು ದೊಡ್ಡವರಿಗಿಂತ ಕಡಿಮೆ ಯೋಚಿಸುವುದಿಲ್ಲ, ಬೇರೆ ರೀತಿಯಲ್ಲಿ ಯೋಚಿಸುತ್ತದೆ ಎಂದು ಅವನಿಗೆ ಹೊಳೆಯಿತು. ಮುಂದೆ ತನ್ನ ಮೂವರು ಮಕ್ಕಳನ್ನೇ ಕೂಸಿನಿಂದ ನೋಡುತ್ತ ಬರೆದಿಟ್ಟ.

ಆತನ ಒಂದು ಪ್ರಯೋಗವನ್ನು ಯಾರ ಮನೆಯಲ್ಲಾದರೂ ಮಾಡಬಹುದು. ನಾನು ಸಾಯಗಾಂವದ ನಮ್ಮ ಮನೆಯಲ್ಲಿ ಮಾಡಿದೆ. ಒಂದೇ ಅಳತೆಯ ಎರಡು ಲೋಟದಲ್ಲಿ ಸಮ ನೀರು ಹಾಕಿ, ಐದು ವರ್ಷದ ಮೊಮ್ಮಗನಿಗೆ ತೋರಿಸಿ, "ಎರಡರಾಗೂ ಒಂದೇ ಅದನು?" ಎಂದೆ. ಒಂದೇ ಎಂದ. ಅವನ ಕಣ್ಣೆದುರೇ ಒಂದು ಲೋಟದ ನೀರನ್ನು ಉದ್ದನೆಯ, ಸಣ್ಣ ಬಾಯಿಯ ಬಾಟಲಿಗೆ ಸುರುವಿದೆ. "ಈಗ?"

"ಇದ್ರಾಗ ಬಾಳ ಅದ ಮುತ್ಯಾ."

"ಯಾಕ?"

"ಇದು ಎತ್ತರ ಆಗ್ಯದಲ್ಲ!"

ಪಕ್ಕದಲ್ಲಿದ್ದ ಎಂಟು ವರ್ಷದ ಅವನ ಅಕ್ಕ ಬಿದ್ದು ಬಿದ್ದು ನಕ್ಕಳು. "ಹೊಳ್ಳಿ ಲೋಟಕ್ಕ ಹಾಕಿದ್ರ ಅಷ್ಟೇ ಆಗ್ತದಲ್ಲೋ!" ಎಂದಳು. ಆ "ಹೊಳ್ಳಿ ಹಾಕಿದ್ರ" ಎಂಬ ಮಾತಿನಲ್ಲೇ ಎಲ್ಲ ಇದೆ. ನಡೆದದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ತಿರುಗಿಸಿ ನೋಡುವ ಶಕ್ತಿ ಅವಳಿಗೆ ಬಂದಿದೆ, ತಮ್ಮನಿಗೆ ಇನ್ನೂ ಬಂದಿಲ್ಲ. ಅವನ ಕಣ್ಣು ಎತ್ತರವೊಂದನ್ನೇ ಹಿಡಿಯುತ್ತದೆ, ಅಗಲ ಕಡಿಮೆಯಾದದ್ದನ್ನು ಜೊತೆಗೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾಳೆ ಅವನಿಗೆ "ನೀರು ಅಷ್ಟೇ ಇರುತ್ತದೆ" ಎಂದು ಹತ್ತು ಸಲ ಬಾಯಿಪಾಠ ಮಾಡಿಸಬಹುದು. ಹೇಳುತ್ತಾನೆ. ಬಾಟಲಿ ಬದಲಿಸಿದರೆ ಮತ್ತೆ ಅದೇ ಉತ್ತರ. ಪಿಯಾಜೆ ಪ್ರಕಾರ ಸುಮಾರು ಏಳರ ಹೊತ್ತಿಗೆ ಈ ತಿಳಿವು ಕೂಡುತ್ತದೆ. ಕೂಡಿಸುವಿಕೆ-ಕಳೆಯುವಿಕೆ ಒಂದಕ್ಕೊಂದು ತಿರುಗುಮುರುಗು ಎಂಬುದು ನಿಜವಾಗಿ ಅರ್ಥವಾಗಬೇಕಾದರೆ ಬೇಕಾದದ್ದು ಇದೇ ಶಕ್ತಿ. ಅದು ಬರುವ ಮೊದಲೇ ಪುಟಗಟ್ಟಲೆ ಲೆಕ್ಕ ಮಾಡಿಸಿದರೆ ಮಗು ಗುರುತು ನೋಡಿ ಉತ್ತರ ಬರೆಯುವುದನ್ನು ಕಲಿಯುತ್ತದೆ.

ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಕಾಂಕ್ರೀಟಿನ ಬಲವನ್ನು ನಾವು 28ನೆಯ ದಿನಕ್ಕೆ ಅಳೆಯುತ್ತೇವೆ. ಏಳನೆಯ ದಿನಕ್ಕೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬಂದಿರುತ್ತದೆ, ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಗುತ್ತಿಗೆದಾರ ಅವಸರಪಟ್ಟು ಸೆಂಟ್ರಿಂಗ್ ಬಿಚ್ಚಿ ಮೇಲೆ ಭಾರ ಹೇರಿದರೆ ಆ ದಿನ ಏನೂ ಆಗಲಿಕ್ಕಿಲ್ಲ, ಕೂದಲೆಳೆಯಂಥ ಬಿರುಕು ಬಿಟ್ಟು ಐದು ವರ್ಷಕ್ಕೆ ನೀರು ಸೋರುತ್ತದೆ. ಹೋಲಿಕೆ ಇಲ್ಲಿಗೇ ನಿಲ್ಲಿಸುತ್ತೇನೆ. ಯಾಕೆಂದರೆ ಕಾಂಕ್ರೀಟು ಸುಮ್ಮನೆ ಬಿದ್ದುಕೊಂಡು ಗಟ್ಟಿಯಾಗುತ್ತದೆ, ಮಗು ಹಾಗಲ್ಲ. ಮುಟ್ಟಿ, ಸುರುವಿ, ಒಡೆದು, ಕೇಳಿ, ಜಗಳಾಡಿ ತಾನೇ ತನ್ನನ್ನು ಕಟ್ಟಿಕೊಳ್ಳುತ್ತದೆ. ಆರು ತುಂಬುವವರೆಗೆ ಮಗುವನ್ನು ಟಿವಿ, ಮೊಬೈಲಿನ ಮುಂದೆ ಕೂಡಿಸಿಟ್ಟರೆ ಆ ವರ್ಷ ಹಾಳೇ. ಅದನ್ನು ಹಾಳು ಮಾಡಿದವರು ನಾವು, ಸರ್ಕಾರದ ಆದೇಶವಲ್ಲ.

ಹೊರಗಿನಿಂದ ನೋಡಿದರೆ ಬರೀ ಆಟವೆಂದು ಕಾಣುವ ಆ ವರ್ಷಗಳಲ್ಲಿ ಎಂಥ ಕೆಲಸ ನಡೆದಿರುತ್ತದೆ ನೋಡಿ. ಆಯಿ ಬೆಲ್ಲವನ್ನು ಡಬ್ಬಿಯಲ್ಲಿಟ್ಟು ಹೊಲಕ್ಕೆ ಹೋದಳು. ಅವಳಿಲ್ಲದಾಗ ಅವ್ವ ಬೆಲ್ಲವನ್ನು ಗಡಿಗೆಗೆ ಹಾಕಿದಳು. ಆಯಿ ತಿರುಗಿ ಬಂದು ಬೆಲ್ಲ ಎಲ್ಲಿ ಹುಡುಕುತ್ತಾಳೆ? ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಗಡಿಗೆಯಲ್ಲಿ ಎನ್ನುತ್ತಾರೆ. ತನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು ಎಂದೇ ಅವರ ಲೆಕ್ಕ. ನಾಲ್ಕೈದರ ಹೊತ್ತಿಗೆ ಡಬ್ಬಿಯಲ್ಲಿ ಎನ್ನತೊಡಗುತ್ತಾರೆ. 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಎಂಬ ಇಬ್ಬರು ಬೆಲ್ಲದ ಬದಲು ಚಾಕೊಲೇಟ್ ಇಟ್ಟು ಇದೇ ಪ್ರಶ್ನೆ ಕೇಳಿದ್ದರು. ಎದುರಿನವನಿಗೆ ತನ್ನದೇ ಬೇರೆ ಮನಸ್ಸಿದೆ ಎಂಬ ತಿಳಿವು ಬರುವುದು ಆ ವಯಸ್ಸಿನಲ್ಲಿ. ಅದು ಬರುವುದು ಅಕ್ಕ-ತಮ್ಮಂದಿರ ಜೊತೆ, ಓಣಿಯ ಮಕ್ಕಳ ಜೊತೆ, ಸುಳ್ಳೇ ಅಡಿಗೆ, ಸುಳ್ಳೇ ಮದುವೆ ಆಡುತ್ತ. ಹೋಂವರ್ಕಿನಲ್ಲಿ ಅದಕ್ಕೆ ಜಾಗವಿಲ್ಲ.

ವಯಸ್ಸಿನ ಈ ಅಂಕಿಗಳು ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬುದನ್ನೂ ಹೇಳಬೇಕು. ಪಿಯಾಜೆ ಎರಡು ಸಾಲು ನಾಣ್ಯ ಸಮನಾಗಿ ಜೋಡಿಸಿ, ಒಂದು ಸಾಲನ್ನು ಅಗಲ ಮಾಡಿ "ಈಗ ಯಾವುದರಲ್ಲಿ ಹೆಚ್ಚು?" ಎನ್ನುತ್ತಿದ್ದ. ಸಣ್ಣ ಮಕ್ಕಳು ಉದ್ದ ಸಾಲನ್ನೇ ತೋರಿಸುತ್ತಿದ್ದರು. 1974ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದರಲ್ಲಿ ಒಂದೇ ಒಂದು ಬದಲಾವಣೆ ಮಾಡಿದರು. ಸಾಲನ್ನು ಕೆಡಿಸಿದ್ದು ದೊಡ್ಡವರಲ್ಲ, ತುಂಟ ಕರಡಿಗೊಂಬೆ. ಆಗ ಬಹಳಷ್ಟು ಮಕ್ಕಳು "ಅಷ್ಟೇ ಇವೆ" ಎಂದು ಸರಿಯಾಗಿ ಹೇಳಿದರು! ದೊಡ್ಡವರು ಬೇಕೆಂದೇ ಸಾಲು ಬದಲಿಸಿ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಬೇರೆ ಉತ್ತರ ಬಯಸುತ್ತಿದ್ದಾರೆ ಎಂದು ಮಗು ಊಹಿಸುತ್ತದೆ. ಪ್ರಶ್ನೆಯನ್ನು ಬಿಟ್ಟು ನಮ್ಮ ಮುಖವನ್ನು ಓದುತ್ತದೆ. ಬೆತ್ತ ಹಿಡಿದು ಲೆಕ್ಕ ಕೇಳುವ ಮನೆಗಳಲ್ಲಿ ಏನಾಗುತ್ತಿರಬಹುದು ಎಂದು ಇದರ ಮೇಲೆ ಅಂದಾಜು ಮಾಡಬಹುದು.

ಅಮೆರಿಕದ ಇನ್ನೊಂದು ಲೆಕ್ಕ 2018ರಲ್ಲಿ ಬಂತು. ಅಲ್ಲಿಯ ಹಲವು ರಾಜ್ಯಗಳಲ್ಲಿ ಶಾಲೆಗೆ ಸೇರಲು ಸೆಪ್ಟೆಂಬರ್ 1ರ ಗೆರೆ ಇದೆ. ಆಗಸ್ಟ್‌ನಲ್ಲಿ ಹುಟ್ಟಿದ ಮಗು ತರಗತಿಯಲ್ಲಿ ಎಲ್ಲರಿಗಿಂತ ಸಣ್ಣದು. ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದು ಒಂದು ವರ್ಷ ತಡೆದು ಎಲ್ಲರಿಗಿಂತ ದೊಡ್ಡದಾಗಿ ಸೇರುತ್ತದೆ. "ಇದಕ್ಕೆ ಗಮನ ನಿಲ್ಲುವುದಿಲ್ಲ, ಚಂಚಲ ಕಾಯಿಲೆ" ಎಂದು ವೈದ್ಯರು ಗುರುತಿಸಿದ ಮಕ್ಕಳು ಆಗಸ್ಟ್‌ನವರಲ್ಲಿ ಪ್ರತಿ 10,000ಕ್ಕೆ ಸುಮಾರು 85, ಸೆಪ್ಟೆಂಬರ್‌ನವರಲ್ಲಿ ಸುಮಾರು 64. ಎಲ್ಲಿ ಗೆರೆ ಎಳೆದರೂ ಯಾರೋ ಒಬ್ಬರು ಸಣ್ಣವರಾಗಿಯೇ ಇರುತ್ತಾರೆ, ಅದು ಸರಿ. ಆದರೆ ವಯಸ್ಸಿನ ಕೊರತೆಯನ್ನು ನಾವು ಬುದ್ಧಿಯ ಕೊರತೆ ಎಂದು ಓದುತ್ತೇವೆ ಎಂಬುದು ಇದರಿಂದ ತಿಳಿಯುತ್ತದೆ. ಐದಕ್ಕೇ ಸೇರಿಸಿ "ನನ್ನ ಮಗ ದಡ್ಡ" ಎಂದು ಏಳಕ್ಕೆ ಅಳುವ ತಾಯಂದಿರನ್ನು ನಾನು ಕಂಡಿದ್ದೇನೆ. ಹುಡುಗ ದಡ್ಡನಲ್ಲ, ಸಣ್ಣವನು.

ಇನ್ನು ಭಾಷೆಯ ವಿಷಯ. ಇದು ನಮ್ಮ ಗಡಿಯ ಊರುಗಳ ವಿಷಯವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಭಾಲ್ಕಿ, ಔರಾದ ಸೀಮೆಯ ಮಗುವಿನ ಕಿವಿಗೆ ಕನ್ನಡ, ಮರಾಠಿ, ಉರ್ದು, ಲಂಬಾಣಿ ಎಲ್ಲ ಬೀಳುತ್ತವೆ. ಎಣಿಸುವುದನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಮೊದಲು ಹತ್ತು, ಆಮೇಲೆ ಬಿಡಿ. ಬರೆಯುವ ಕ್ರಮವೂ ಅದೇ: 2, ಆಮೇಲೆ 1. ಮಾತಿನಲ್ಲೇ ಸ್ಥಾನಬೆಲೆ ಕೂತಿದೆ. ಮರಾಠಿಯಲ್ಲಿ ಏಕವೀಸ, ಬಾವೀಸ, ತೇವೀಸ. ಬಿಡಿ ಮೊದಲು, ಹತ್ತು ಆಮೇಲೆ. ನಮ್ಮ ಐವತ್ತೊಂಬತ್ತು ಅವರಿಗೆ ಏಕೋಣಸಾಠ, ಅಂದರೆ ಅರವತ್ತಕ್ಕೆ ಒಂದು ಕಡಿಮೆ. ಉರ್ದುವಿನಲ್ಲೂ ಹಾಗೆಯೇ. ಇಂಗ್ಲಿಷಿನ ಥರ್ಟೀನ್, ಥರ್ಟಿ ಎರಡೂ ಮಗುವಿನ ಕಿವಿಗೆ ಒಂದೇ ಸಮ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 2019ರಲ್ಲಿ ಎರಡನೆಯ ತರಗತಿಯ ಗಣಿತದಲ್ಲಿ "ವೀಸ ಏಕ, ವೀಸ ದೋನ" ಎಂದು ಹತ್ತನ್ನು ಮೊದಲು ಹೇಳುವ ಕ್ರಮ ತಂದಿತು, ಮಕ್ಕಳಿಗೆ ಸುಲಭವಾಗಲೆಂದು. ಭಾಷೆ ಕೆಡಿಸಿದರು ಎಂದು ದೊಡ್ಡ ಗದ್ದಲವಾಯಿತು. ಅವರು ಹೊಸದಾಗಿ ತರಲು ಹೊರಟದ್ದು ಕನ್ನಡದ ಮಗುವಿಗೆ ಹುಟ್ಟಿನಿಂದಲೇ ಇದೆ. ನಾವು ಅದನ್ನು ಬಿಡಿಸಿ ಫೀಸು ಕಟ್ಟಿ ಥರ್ಟೀನ್ ಕಲಿಸುತ್ತೇವೆ!

ನಿಮ್ಮ ಮನೆಯ ಮಗು ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಆದಮೇಲೆ "ಇಪ್ಪತ್ತಹತ್ತು" ಎಂದರೆ ನಗಬೇಡಿ. ಅದು ಯಾರೂ ಹೇಳಿಕೊಟ್ಟದ್ದಲ್ಲ. ಮಗು ತಾನೇ ಒಂದು ನಿಯಮ ಕಂಡುಹಿಡಿದು ಅದನ್ನು ಮುಂದಕ್ಕೆ ಒಯ್ದಿದೆ. ಮೂವತ್ತು ಎಂದು ಗಿಳಿಪಾಠ ಒಪ್ಪಿಸಿದ ಮಗುವಿಗಿಂತ ಇದು ಒಂದು ಹೆಜ್ಜೆ ಮುಂದಿದೆ ಎಂದೇ ನನ್ನ ಅಭಿಪ್ರಾಯ.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದನ್ನು ನಾವು ನಾಡಪ್ರೇಮದ ಕಥೆಯಾಗಿ ಹೇಳುತ್ತೇವೆ. ನನಗೆ ಅದು ಮಗುವಿನ ತಿಳಿವಿನ ಕಥೆಯೂ ಹೌದು. ಮನೆಯಲ್ಲಿ ಕೇಳದ ಭಾಷೆಯಲ್ಲಿ ಪಾಠ ಕೇಳಿದ ಮಗು ಎರಡು ಭಾರ ಹೊರುತ್ತದೆ: ಮಾತಿನ ಅರ್ಥ ಹುಡುಕುವುದು, ಪಾಠದ ಅರ್ಥ ಹುಡುಕುವುದು. 1953ರಲ್ಲೇ ಯುನೆಸ್ಕೋ ತಾಯ್ನುಡಿಯಲ್ಲೇ ಸುರುಮಾಡಿ ಎಂದಿತ್ತು. ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿ ಮೂವತ್ತೇಳಕ್ಕೇ ತೀರಿಕೊಂಡ ರಷ್ಯಾದ ವೈಗೋಟ್ಸ್ಕಿಯೂ, ಮಗು ಮೊದಲು ಮಂದಿಯ ಜೊತೆ ಆಡಿದ ಮಾತೇ ಆಮೇಲೆ ಒಳಗಿಳಿದು ಯೋಚನೆಯಾಗುತ್ತದೆ ಎಂದ. ಆಟದಲ್ಲಿ ಮಗು ತನ್ನೊಳಗೇ ಗುಣುಗುಟ್ಟುವುದನ್ನು ಕೇಳಿ ನೋಡಿ, ಅದು ಯಾವ ಭಾಷೆಯಲ್ಲಿದೆ ಎಂದು.

ಇದೇ ನ್ಯಾಯ ಹಿಡಿದರೆ ಒಂದು ಕಹಿ ಪ್ರಶ್ನೆ ನಮಗೂ ಬರುತ್ತದೆ. ಸಾಯಗಾಂವದ ಮರಾಠಿ ಮನೆಯ ಮಗು, ತಾಂಡಾದ ಲಂಬಾಣಿ ಮಗು ನಮ್ಮ ಕನ್ನಡ ತರಗತಿಯಲ್ಲಿ ಮೂಕವಾಗಿ ಕೂತಾಗ, ಅಂದು ಉರ್ದು ತರಗತಿಯಲ್ಲಿ ಕೂತ ಕನ್ನಡ ಮಗುವಿನ ಸ್ಥಿತಿಯೇ ಅದಕ್ಕೂ. ಕನ್ನಡ ಕಲಿಸಬೇಡಿ ಎನ್ನುತ್ತಿಲ್ಲ. ಮೊದಲ ಒಂದೆರಡು ವರ್ಷ ಆ ಮಗುವಿನ ಮಾತಿಗೂ ತರಗತಿಯಲ್ಲಿ ಜಾಗವಿರಲಿ, ಅದರ ಭಾಷೆ ಬಲ್ಲ ಅಕ್ಕನೋರು ಒಬ್ಬರಿರಲಿ ಎನ್ನುತ್ತೇನೆ. ಪಟ್ಟದ್ದೇವರ ಹೆಸರು ಹೇಳುವ ನಮಗೆ ಇಷ್ಟು ಕಷ್ಟವಾಗಬಾರದು.

ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿದೆ. ಆದ್ದರಿಂದ ನಿರ್ಧಾರ ಈಗ ಪಾಲಕರ ಕೈಯಲ್ಲಿ, ಶಾಲೆ ನಡೆಸುವವರ ಕೈಯಲ್ಲಿ ಇದೆ. ಶಾಲೆ ನಡೆಸುವವರಲ್ಲಿ ನಮ್ಮವರೇ ಎಷ್ಟು ಜನ! ಮಕ್ಕಳ ಮನಸ್ಸನ್ನು ನೋಡಿ ಕಟ್ಟಿದ ಪದ್ಧತಿ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು ನಲಿ-ಕಲಿ ಸುರುಮಾಡಿದರು. ಮೈಲಿಗಲ್ಲು, ಕಲಿಕಾ ಏಣಿ. ಪ್ರತಿ ಮಗು ತನ್ನ ವೇಗದಲ್ಲಿ ಏರುತ್ತದೆ, ಜ್ವರ ಬಂದು ವಾರ ಬಿಟ್ಟರೆ ನಿಂತ ಮೆಟ್ಟಿಲಿಂದಲೇ ಮುಂದುವರಿಯುತ್ತದೆ. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. "ಅಲ್ಲಿ ಬರೇ ಆಟ ಆಡಸ್ತಾರ" ಎಂದು ನಾವು ಮೂಗು ಮುರಿಯುತ್ತೇವೆ. ಶಿಕ್ಷಕರ ಕೊರತೆಯಿಂದ ಎಷ್ಟೋ ಕಡೆ ಅದು ಸೊರಗಿದೆ ನಿಜ, ಅದರ ದೋಷ ಪದ್ಧತಿಯದ್ದಲ್ಲ.

2025ರ ಫೆಬ್ರವರಿಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಸಂತೆಗಳ ಅಧ್ಯಯನ ಪ್ರಕಟಿಸಿದರು. ತರಕಾರಿ ಮಾರುವ ಮಕ್ಕಳು ಕಾಲು ಕಿಲೋ, ಮುಕ್ಕಾಲು ಕಿಲೋದ ಲೆಕ್ಕ ಬಾಯಲ್ಲೇ ಮಾಡುತ್ತಾರೆ, ಪುಸ್ತಕದ ಲೆಕ್ಕ ಕೊಟ್ಟರೆ ಸೋಲುತ್ತಾರೆ. ಶಾಲೆಯ ಮಕ್ಕಳು ಪುಸ್ತಕದ್ದು ಮಾಡುತ್ತಾರೆ, ಸಂತೆಯದ್ದರಲ್ಲಿ ಸೋಲುತ್ತಾರೆ. ಎರಡರ ನಡುವೆ ಸೇತುವೆ ಕಟ್ಟಿಲ್ಲ. ಭಾಲ್ಕಿಯ ಸಂತೆಯಲ್ಲಿ ಮೆಣಸಿನಕಾಯಿ ಗುಂಪು ಹಾಕಿ ಕೂತ ಹುಡುಗಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ನಮ್ಮ ಅಂಗಳದ್ದೇ ಒಂದು ಮಾತು. ವಚನ ಕಂಠಪಾಠ ಸ್ಪರ್ಧೆ. ಐದಾರು ವರ್ಷದ ಮಕ್ಕಳು ನಲವತ್ತು ಐವತ್ತು ವಚನ ಒಪ್ಪಿಸುತ್ತವೆ, ಚಪ್ಪಾಳೆ, ಶಾಲು. ಬಾಯಿಪಾಠ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಧ್ವನಿ ಮೊದಲು ಬರಲಿ, ಅರ್ಥ ಬದುಕಿನ ಜೊತೆ ಬರುತ್ತದೆ. ಆದರೆ ಬಹುಮಾನ ಎಣಿಕೆಗೆ ಮಾತ್ರ ಕೊಟ್ಟರೆ, ಅರ್ಥ ಬೇಡದ ಸರಕು ಎಂದು ಮಗುವಿಗೆ ನಾವೇ ಕಲಿಸಿದಂತೆ. ಬಸವಣ್ಣನವರು ಎಂಟನೆಯ ವಯಸ್ಸಿನಲ್ಲಿ ಜನಿವಾರ ಬೇಡವೆಂದರು, ಅಕ್ಕನಿಗೆ ಇಲ್ಲದ್ದು ನನಗೇಕೆ ಎಂದು ಕೇಳಿದರು ಎಂದು ಪರಂಪರೆ ಹೇಳುತ್ತದೆ. 2008ರಲ್ಲಿ ಅರ್ನ್ಸ್ಟ್ ಫೆಹ್ರ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ ಮಕ್ಕಳಿಗೆ ಮಿಠಾಯಿ ಹಂಚಲು ಕೊಟ್ಟು ನೋಡಿದರು. ಮೂರು ನಾಲ್ಕರ ಮಕ್ಕಳಲ್ಲಿ ಹೆಚ್ಚಿನವರು ತಮ್ಮದನ್ನೇ ನೋಡಿಕೊಂಡರು. ಏಳೆಂಟರ ಹೊತ್ತಿಗೆ ಹೆಚ್ಚಿನವರು ಸಮಪಾಲು ಬೇಕೆಂದರು. "ಇದು ಸರಿಯಲ್ಲ, ಅವಳಿಗ್ಯಾಕ ಇಲ್ಲ?" ಎಂದು ಮಕ್ಕಳು ಮನೆಯಲ್ಲಿ ಜಗಳ ತೆಗೆಯುವ ವಯಸ್ಸು ಅದೇ. ಆ ಜಗಳವನ್ನು ಬಾಯಿಮುಚ್ಚಿಸುವ ಮನೆಗಳು ಬಸವ ಜಯಂತಿ ಮಾಡಿ ಏನು ಫಲ?

ಹೀಗಾಗಿ ಮಠಗಳಿಗೆ, ಸಂಸ್ಥೆಗಳಿಗೆ ನಮ್ಮ ವಿನಂತಿ ಮೂರೇ. ಆರು ತುಂಬದ ಮಗುವಿಗಾಗಿ ಶಿಫಾರಸು ಚೀಟಿ ಕೊಡಬೇಡಿ. ನಮ್ಮ ಶಾಲೆಗಳಲ್ಲಿ ಮೂರು ವರ್ಷದ ಕೂಸಿನ ಇಂಟರ್‌ವ್ಯೂ ಈ ವರ್ಷವೇ ನಿಲ್ಲಲಿ. ಶ್ರಾವಣದ ಕಂಠಪಾಠ ಸ್ಪರ್ಧೆಯಲ್ಲಿ ಎಂಟರ ಒಳಗಿನವರಿಗೆ ಎಣಿಕೆಯ ಬಹುಮಾನ ಬೇಡ. ಒಂದೇ ವಚನ ಹೇಳಲಿ, ಅದರ ಬಗ್ಗೆ ತನಗೆ ತೋಚಿದ ಒಂದು ಪ್ರಶ್ನೆ ಕೇಳಲಿ, ಶರಣರು ಕೂತು ಉತ್ತರ ಹೇಳಲಿ.

ಓದುಗರು ಮನೆಯಲ್ಲಿ ನೀರಿನ ಲೋಟ, ಬೆಲ್ಲದ ಡಬ್ಬಿ ಎರಡನ್ನೂ ಮಾಡಿ ನೋಡಿ. ಮಗುವಿನ ವಯಸ್ಸು, ಅದು ಹೇಳಿದ ಉತ್ತರ, ಕೊಟ್ಟ ಕಾರಣ ಇಷ್ಟನ್ನು ಪತ್ರಿಕೆಗೆ ಬರೆದು ಕಳಿಸಿ. ಕನ್ನಡವೋ ಮರಾಠಿಯೋ, ಮಗು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಶ್ರಾವಣ ಸಂಚಿಕೆಯಲ್ಲಿ ಹೆಸರು ಹಾಕದೆ ಅಚ್ಚು ಮಾಡುತ್ತೇವೆ.